ಸುತ್ತು

ಹಾವೇರಿ. ಏಲಕ್ಕಿ ಹಾರದ ಕೋಣಿ.
ಶಮಶಾದಬಿಯ ಬಲಗೈ ಸೂಜಿ ಹಿಡದೈತಿ,
ಹಿಡದದ್ದು ಬಲಗೈಗೇ ಗೊತ್ತಿಲ್ಲ.

ಹುಬ್ಬಳ್ಳಿ ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು
ಬಿಳಿ ಕಲೆ ತೋರಿಸಿದರು:
ಇಲ್ಲಿ ನರದ ಮ್ಯಾಲಿನ ಹೊದಿಕಿ ಹರದೈತಿ,
ಮಿದುಳಿನ ಮಾತು ಬೆರಳತನಕ ಬರೋದರಾಗ ಸೋರತೈತಿ.

"ಜರಿ ಬಿಚ್ಚಿದ ನೂಲಿನಂಗ?"
ಅವರು ಪೆನ್ನು ಕೆಳಗಿಟ್ಟರು. "ಹಂಗಽ."

ಸುತ್ತೋ ಕೋಶ ಅಲ್ಲೇ ಮಗ್ಗಲದಾಗ ಐತಂತ,
ಅರ್ಧ ಕಲತು ಕೈಕಟ್ಟಿ ಕುಂತೈತಂತ.
ಅದಕ್ಕ ಒಂದು ಕಿವಿ, ಗ್ರಾಹಕ ಅಂತಾರ,
ಅದರಾಗ ಯಾರೋ ಸದಾ "ತಡಿ, ತಡಿ" ಅಂತಿರತಾರ.
ಆ ಕಿವಿ ಮುಚ್ಚೋ ಗುಳಿಗಿ ಹೊಸದಲ್ಲ,
ಮೂಗು ಸೋರಿದರ ಕೊಡತಿದ್ದ ಹಳೇದು, ನಿದ್ದಿ ಬರಿಸೋದು.
ಮುಚ್ಚಿದರ ಕೋಶ ಎದ್ದು ಸುತ್ತಬಹುದು.
ಬೆರಳಿಗೆ ಸುದ್ದಿ ಮುಟ್ಟಬಹುದು.
ಮುಟ್ಟದೆಯೂ ಇರಬಹುದು.
ಇನ್ನೂ ಪರೀಕ್ಷೆ ನಡದೈತಿ.

ಬಸ್ಸಿನಾಗ, ಬಂಕಾಪುರ ದಾಟೂತನಕ,
ಡಾಕ್ಟರ "ಬಹುದು"ಗಳನ್ನ ಆಕಿ
ಏಲಕ್ಕಿಯಂಗ ಒಂದೊಂದೇ ಕಿವಿ ಹತ್ರ ಅಲುಗಾಡಿಸಿದಳು.
ಒಂದು ಪೊಳ್ಳು.
ಎರಡರಾಗ ಕಾಳು ಇದ್ದಂಗಿತ್ತು.

ಮನ್ಯಾಗ ತಬಸ್ಸುಮ್, ಕೆಲಸ ಕಲಿಯಾಕ ಬಂದಾಕಿ,
ನೂಲು ತೊಡಿ ಮ್ಯಾಲಿಟ್ಕೊಂಡು ಸುಮ್ನ ಕುಂತಿದ್ದಳು.
"ಯಾರು ತಡಿ ಅಂದ್ರು ನಿನಗ?
ಸುತ್ತು."