ನಾರಿನ್ ಹೆರಿಗೆ ಆಸ್ಪತ್ರೆಯ ಗೋಡೆ

ಸುಡುವ ಮೊದಲು ನದಿ ಗುಲಾಬಿ.
ಕೋಬಾಲ್ಟ್ ಇರುವುದೇ ಹಾಗೆ, ಎಂದಳು ಬುರುಲ್ ಎಜೆ
(ಎಜೆ ಎಂದರೆ ಅಕ್ಕ),
ಕುಂಚದ ತುದಿಯನ್ನು ನಾಲಗೆಗೆ ಒಯ್ದ
ನನ್ನ ಕೈಗೊಂದು ಏಟು ಕೊಟ್ಟು.
ವಿಷ ಕಣೇ. ಬೆಂಕಿ ಕಂಡಮೇಲಷ್ಟೇ ಅದು ನೀರು.

ಗೋಡೆ ಹನ್ನೊಂದು ಮೀಟರು.
ನಾವು ಬರೆದ ಬೆಟ್ಟ ಹನ್ನೆರಡೂವರೆ.
ಮಣ್ಣು ಒಣಗುತ್ತ ಕುಗ್ಗುತ್ತದೆ, ಬೇಯುತ್ತ ಇನ್ನಷ್ಟು;
ಬೇಕಾದ್ದಕ್ಕಿಂತ ದೊಡ್ಡದು ಮಾಡಿದರೇನೇ
ಬೇಕಾದಷ್ಟು ಬೆಟ್ಟ ಉಳಿಯುವುದು.

ನನ್ನ ಕೆಲಸ ಬೆನ್ನಿನದು.
ಐನೂರ ಇಪ್ಪತ್ತೆಂಟು ಬಿಲ್ಲೆ,
ಹಸಿಯಿರುವಾಗಲೇ ಮೊಳೆಯಲ್ಲಿ ಗೀಚಬೇಕು ಸಾಲು, ಅಂಕಿ.
ನಾಲ್ಕರ ಒಂಬತ್ತು: ಹಿಮ, ಬರೀ ಹಿಮ.
ಏಳರ ಇಪ್ಪತ್ತು: ಕುದುರೆಯ ಹಿಂಭಾಗ.
ಮುಂಭಾಗ ಏಳರ ಇಪ್ಪತ್ತೊಂದು.
ಎರಡೂ ಬೇರೆ ಬೇರೆ ದಿನ ಬೆಂದವು
ಒಂದೇ ಕುದುರೆಯಾದೇವೆಂದು ನಂಬಿ.

ಜನವರಿಯಲ್ಲಿ ಕರೆಂಟಿನದೇ ಚಿಂತೆ.
ಆವಿಗೆಯ ಕಿಂಡಿಗೆ ಕಣ್ಣಿಟ್ಟು ಕೂತಿದ್ದಾಗ
ಒಂಬೈನೂರು ಡಿಗ್ರಿಯಲ್ಲಿ ಊರೇ ಆರಿತು.
ಆ ಹೊತ್ತು ಇಡೀ ಬಿಷ್ಕೆಕ್‌ನಲ್ಲಿ
ಕೆಂಪಗೆ ಎದ್ದಿದ್ದದ್ದು ನಮ್ಮ ಪರ್ವತ ಒಂದೇ.
ಮುಟ್ಟಬೇಡ, ಅಂದಳು. ಕಿಂಡಿಗೆ ಇಟ್ಟಿಗೆಚೂರು ತುರುಕಿ
ಕತ್ತಲಲ್ಲಿ ಇಬ್ಬರೂ ಬ್ರೆಡ್ಡು ತಿಂದೆವು.

ಆ ಸಲದ ಹುಲ್ಲುಗಾವಲು ಮಂಕಾಯಿತು.
ಮತ್ತೆ ಮಾಡಿದೆವು. ಅದು ತೀರಾ ಹಸಿರು,
ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ.
ಮಂಕನ್ನೇ ಇಟ್ಟುಕೊಂಡೆವು
ಸೆಪ್ಟೆಂಬರಿನ ಹುಲ್ಲು ಇದು ಎಂದು
ನಮಗೆ ನಾವೇ ಹೇಳಿಕೊಂಡು.

ದೊಲೊನ್ ಘಾಟಿ ಹತ್ತಿಸಿ ಪೆಟ್ಟಿಗೆ ತಂದವನು ಮೆದೆರ್,
ಬೆಟ್ಟದ ಮೇಲೆ ಬೆಟ್ಟವನ್ನು
ಒಣಹುಲ್ಲಲ್ಲಿ ಸುತ್ತಿ.
ಎರಡು ಒಡೆದಿದ್ದವು. ಚೂರುಗಳನ್ನೂ ಎಣಿಸಿ ಒಪ್ಪಿಸಿದ.
ಗೋಡೆ ಏರಿದ ದಿನ ಟೊಪ್ಪಿಗೆ ಕೈಯಲ್ಲಿ ಹಿಡಿದು
ಬಹಳ ಹೊತ್ತು ನೋಡಿದ,
ಸೂರ್ಯಕಾಂತಿ ಬೀಜ ಅಗಿಯುವುದನ್ನೂ ಬಿಟ್ಟು.

ಎಲ್ಲ ಸರಿ, ಎಂದ. ದಾರಿ ಎಲ್ಲಿ?
ದಾರಿ ಇಲ್ಲ, ಎಂದಳು ಎಜೆ. ಇದು ಬರೀ ಬೆಟ್ಟ, ನೀರು.
ಹಾಗಾದರೆ ಇದನ್ನು ನೋಡಲಿಕ್ಕೆ ನೀನು ಹೋದದ್ದು ಹೇಗೆ?

ಉತ್ತರ ಬರಲಿಲ್ಲ. ಸಂಜೆಯವರೆಗೂ
ಸಿಡುಕಿದ್ದು ನನ್ನ ಮೇಲೆ:
ಸ್ಪಂಜು ಕೊಳಕು, ನೀರು ಕೊಳಕು,
ನನ್ನ ಅಂಕಿಗಳೆಲ್ಲ ಕೋಳಿಕಾಲು
(ಆ ಅಂಕಿಗಳೋ ಅಷ್ಟರಲ್ಲಿ ಗೋಡೆಗೆ ಮುಖ ಮಾಡಿ
ಇನ್ನು ಯಾರಿಗೂ ಕಾಣದ ಕಡೆ ಇದ್ದವು).

ಮರುದಿನ ಸಂದಿಗಳಿಗೆ ಗಾರೆ.
ಬಿಳಿಯದು, ಎಲ್ಲ ಕಡೆ ಬಿಳಿಯದೇ ಎಂದು ಮೊದಲೇ ಮಾತಾಗಿತ್ತು.
ನನ್ನನ್ನು ಚಹಾಕ್ಕೆ ಕಳಿಸಿದಳು.
ಬಂದಾಗ ಬೋಗುಣಿಯೊಂದನ್ನು ತೊಳೆಯುತ್ತಿದ್ದಳು;
ಹರಿದುಹೋಗುತ್ತಿದ್ದ ನೀರು ಬೂದಿಬಣ್ಣ.
ನಾನು ಕೇಳಲಿಲ್ಲ.

ಮೇ ತಿಂಗಳಲ್ಲಿ ಬಿಲ್ಲಿಗೆ ಸಹಿ ಹಾಕಿಸಲು ಹೋದೆ.
ಬಾಗಿಲಾಚೆ ಯಾರೋ ನರಳುತ್ತಿದ್ದಳು.
ಈಚೆ ಒಬ್ಬ ಹುಡುಗ, ಇಪ್ಪತ್ತೂ ಇರಲಿಕ್ಕಿಲ್ಲ,
ಗೋಡೆಯ ಮೇಲೆ ಬೆರಳು ನಡೆಸುತ್ತಿದ್ದ:
ಹನ್ನೊಂದರ ಒಂದರಿಂದ ಹೊರಟು ಸಂದಿ ಹಿಡಿದು
ಬಲಕ್ಕೊಂದು ಬಿಲ್ಲೆ, ಮೇಲಕ್ಕೊಂದು, ಮತ್ತೆ ಬಲಕ್ಕೆ,
ಕುದುರೆಯ ನಡು ಸೀಳಿಕೊಂಡು,
ಕಿರುಬೆರಳಿಗೂ ಸಾಲದ ಬೂದು ಗೆರೆ
ಹಿಮದಲ್ಲಿ ಮುಗಿಯುವವರೆಗೆ.

ಇಳಿದ.
ಮತ್ತೆ ಹತ್ತಿದ.