ಬಾಡಿಗೆಯ ಗುಡಾಣ

ಮಟನ್ ಸ್ಟ್ರೀಟಿನ ಅಂಗಡಿಯಲ್ಲಿ
ನನ್ನ ಕೆಲಸ ಧೂಳು ಒರೆಸುವುದು.
ಹಡಗಿನ ಗಂಟೆ, ಗ್ರಾಮಫೋನಿನ ಕಿವಿ, ಆಮೇಲೆ ಇದು,
ಸೊಂಟದೆತ್ತರದ ಕೆಮ್ಮಣ್ಣಿನ ಗುಡಾಣ.
ಬರ್ಬರ್ ಹೆಂಗಸರದಂತೆ, ಅಲ್ಜೀರಿಯಾದ ಗುಡ್ಡದ್ದು.
ತಿಗರಿಯಿಲ್ಲ, ಬರೀ ಕೈ.
ನಮ್ಮವ್ವ ಇದ್ದಿದ್ದರೆ 'ವಾಡೆ' ಅಂದು
ಜೋಳ ಸುರಿದುಬಿಡುತ್ತಿದ್ದಳು.

ಹೋದ ವಾರ ಸಿನಿಮಾದವರು ಒಯ್ದರು,
ದಿನಕ್ಕೆ ಎಂಟುನೂರು ಬಾಡಿಗೆ.
ಗೋರೆಗಾಂವಿನಲ್ಲಿ ಅದು ಮೂರು ದಿನ ರಾಜಸ್ಥಾನವಾಗಿತ್ತು.
ಹಿಂದೆ ನಿಂತು ನಾಯಕಿ ಅತ್ತಳಂತೆ.
ಮರಳಿದಾಗ ಒಳಗೆ ಚಹಾದ ಕಪ್ಪು, ಗುಟ್ಕಾ ಚೀಟಿ.

ತೆಗೆಯಲು ಬಾಗಿದೆ, ಭುಜ ಮುಳುಗುವಷ್ಟು.
ಹೊರಗೆ ಮುಕ್ಕೋನ, ಚುಕ್ಕೆ, ಕಪ್ಪು ಗೆರೆ,
ಗಿರಾಕಿ ಸವರಿ ನೋಡುವುದೆಲ್ಲ.
ಒಳಗೆ, ದೀಪವೂ ಹೋಗದ ಕಡೆ,
ನಾಲ್ಕು ಬೆರಳು ಎಳೆದ ಸಾಲು.
ನುಣುಪು ಮಾಡಲು ಪುರುಸೊತ್ತಾಗಿಲ್ಲ,
ಮಗು ಅತ್ತಿರಬೇಕು.
ನನ್ನ ಬೆರಳು ಅಲ್ಲಿ ಕೂತವು.
ಅವಳ ಕಿರುಬೆರಳು ಮಾತ್ರ
ಸ್ವಲ್ಪ ಡೊಂಕು.

ತಳದಲ್ಲಿ ಎರಡು ಕಾಳು.
ಅಲ್ಲಿಯ ಜವೆಗೋಧಿಯೋ,
ಶೂಟಿಂಗ್ ಹುಡುಗರು ಚೆಲ್ಲಿದ್ದೋ,
ಕೇಳಲಿಲ್ಲ. ಸೆರಗಿಗೆ ಕಟ್ಟಿಕೊಂಡೆ.

ನಿಂಬೆವ್ವ ಅನ್ನಲು ಬಾರದ ತಾಹೆರ್‌ಭಾಯಿ ಕೂಗಿದರು:
"ನಿಂಬಾಬಾಯಿ, ಎಲ್ಲಾದರೂ ಬಿರುಕು?"
"ಇಲ್ಲ" ಅಂದೆ, ತಲೆ ಎತ್ತದೆ.
ಗುಡಾಣ ಎರಡು ಸಲ ಅಂದಿತು.