ಮೂರು ನಿಮಿಷ ಆಯಿತು

ಹತ್ತಕ್ಕೆ ದೀಪ ಆರಿಸಿ
ನಿದ್ದೆಗೆ ಬುಕ್ ಮಾಡುತ್ತೇನೆ.
ಆರ್ಡಿನರಿ ಕಾಲು. ಕಾಯಬೇಕು.
ಕೆ.ಆರ್. ಪುರಂನ ನಾಯಿಗಳೆಲ್ಲ ಲೈನಿನಲ್ಲಿವೆ.
ಶುಂಠಿ ಹೊತ್ತ ಲಾರಿ ಸಾಲಗಾಮೆ ರಸ್ತೆಗೆ ತಿರುಗಿ
ಗೇರು ಬದಲಿಸಿದರೆ ಕಿಟಕಿ ಗಾಜಿಗೆ ನಡುಕ.
ಹನ್ನೆರಡು. ಒಂದು.
ಎರಡೂವರೆಗೆ ಆ ಕಡೆ ಯಾರೋ ಎತ್ತಿಕೊಂಡ ಹಾಗೆ,
ಹಲೋ ಅನ್ನುವಷ್ಟರಲ್ಲಿ
ಕಟ್.

ನಲವತ್ತೆಂಟು ವರ್ಷದ ಹಿಂದೆ
ಇದೇ ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ರಾತ್ರಿ ಪಾಳಿಗೆ ನಾವು ಮೂವರು:
ಫಿಲೋಮಿನಾ, ಜಯಶೀಲಾ, ನಾನು.
ನಿದ್ದೆ ಆಗ ಕರೆಯದೆ ಬರುತ್ತಿತ್ತು,
ಕುರ್ಚಿಯ ಹಿಂದೆ ನಿಂತು ಕುತ್ತಿಗೆಗೆ ಉಸಿರು ಬಿಡುತ್ತಿತ್ತು.
ನಾವೋ ಹಸಿಮೆಣಸು ಕಚ್ಚಿ, ಕಣ್ಣಿಗೆ ತಣ್ಣೀರು ಚಿಮುಕಿಸಿ,
ಒಬ್ಬರ ತೊಡೆ ಒಬ್ಬರು ಚಿವುಟಿ
ಓಡಿಸಿದೆವು.
ಸಕಲೇಶಪುರ, ಬೇಲೂರು, ಅರಸೀಕೆರೆ.
ಗಂಡು ಮಗು ಅಂದವರು, ಅಪ್ಪ ಹೋದರು ಅಂದವರು,
ಏನೂ ಅನ್ನದೆ ಬರೀ ಅತ್ತವರು,
ಎಲ್ಲರಿಗೂ ಒಂದೇ ದನಿ ಇತ್ತು ನಮ್ಮಲ್ಲಿ:
‘ಮೂರು ನಿಮಿಷ ಆಯಿತು. ಮುಂದುವರಿಸುತ್ತೀರಾ?’
ಅಳುವವರ ಪಾಲಿಗೆ ನಾನು ಗಡಿಯಾರ ನೋಡುತ್ತಿರಲಿಲ್ಲ.
ಫಿಲೋಮಿನಾ ನೋಡುತ್ತಿದ್ದಳು,
ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅಂದು ಓಡಿಸಿದ ನಿದ್ದೆ ಮಾನವಿದ್ದ ನೆಂಟ.
ಬಾಗಿಲಿಂದಲೇ ಕಳಿಸಿದವರ ಬೀದಿಗೆ
ಮತ್ತೆ ಯಾಕೆ ಬಂದೀತು?

ಡಾಕ್ಟರು ಚೀಟಿಯಲ್ಲಿ ಬರೆದರು:
ನಾಲ್ಕರ ಮೇಲೆ ಕಾಫಿ ಬೇಡ. ಮಧ್ಯಾಹ್ನ ಒರಗಬೇಡಿ.
ಬಾರದಿದ್ದರೆ ಹೊರಳಾಡಬೇಡಿ, ಎದ್ದುಬಿಡಿ.
ಎದ್ದು? ಅಂದೆ.
ಬೇಜಾರಿನ ಕೆಲಸ ಏನಾದರೂ ಮಾಡಿ, ಅಂದರು.
ನಲವತ್ತೈದು ವರ್ಷ ಸಂಸಾರ ಮಾಡಿದವಳಿಗೆ
ಅದನ್ನು ಹುಡುಕಲು ಟಾರ್ಚು ಬೇಕಿರಲಿಲ್ಲ.

ಆದರೂ ಬಹಳ ದಿನ ಏಳಲಿಲ್ಲ.
ಪಕ್ಕದಲ್ಲಿ ಇವರು,
ಡಿಪೋದಲ್ಲಿ ಮೂವತ್ತು ವರ್ಷ ಬಸ್ಸಿನಡಿ ಮಲಗೆದ್ದವರು,
ಈಗಲಾದರೂ ಹಾಸಿಗೆಯ ಮೇಲೆ ಮಲಗಲಿ ಎಂದು
ಉಸಿರನ್ನು ಉದ್ದ ಎಳೆದು, ಮೆಲ್ಲಗೆ ಬಿಟ್ಟು
ನಿದ್ದೆಯ ವೇಷ ಹಾಕುತ್ತಿದ್ದೆ.
ಧನುರ್ಮಾಸದ ಒಂದಿರುಳು
ಕತ್ತಲಲ್ಲಿ ನೀರಿನ ಚೊಂಬಿಗೆ ಕೈ ಚಾಚಿದರೆ
ಚೊಂಬಿನ ಮೇಲೆ ಆಗಲೇ ಒಂದು ಕೈ.
‘ನಿನಗೂ ಇಲ್ಲವಾ?’
‘ಎಷ್ಟು ದಿನದಿಂದ?’
ಯಾರು ಯಾರನ್ನು ಕೇಳಿದ್ದೋ.
ನನ್ನದು ಆರು ವರ್ಷ, ಇವರದು ಐದು.
ಮತ್ತೆ ಆ ಗೊರಕೆ?
‘ಅದಾ? ನೀನು ನೆಮ್ಮದಿಯಾಗಿ ಮಲಗಲಿ ಅಂತ
ಹೊಡೀತಿದ್ದೆ.’

ಈಗ ಒಂದೂವರೆಗೆ ಅಡುಗೆಮನೆಯ ದೀಪ ಹತ್ತುತ್ತದೆ.
ಸಂಜೆಯೇ ನೆನೆಹಾಕಿದ ಅವರೆಕಾಳು, ಪಾತ್ರೆ ತುಂಬ.
ಎರಡು ಬೆರಳ ನಡುವೆ ಒತ್ತಿದರೆ
ಬೇಳೆ ಚಂಗನೆ ಹಾರಿ ಸಿಂಕಿಗೆ, ಇವರ ಕನ್ನಡಕಕ್ಕೆ.
ಇವರು ಹಿತುಕುವುದನ್ನು ನೋಡಬೇಕು,
ತುಕ್ಕು ಹಿಡಿದ ನಟ್ಟು ಬಿಚ್ಚುವ ಗಾಂಭೀರ್ಯ.
ಸಿಪ್ಪೆಯನ್ನು ಒಂದು ಕಡೆ, ಬೇಳೆಯನ್ನು ಒಂದು ಕಡೆ
ಸಾಲಾಗಿ ಜೋಡಿಸಿ, ಎಣ್ಣೆ ಒರೆಸುವ ಹಾಗೆ ಕೈ ಒರೆಸಿ...
ವಾರಕ್ಕೆ ನಾಲ್ಕು ದಿನ ಹಿತುಕಿದ ಬೇಳೆ ಸಾರು.
ಮೊಮ್ಮಗ ತಟ್ಟೆ ತಳ್ಳುತ್ತಾನೆ.
ಸೊಸೆ ಸುಗುಣ ಏನೂ ಅನ್ನದೆ
ಕಾಳಿನ ಚೀಲವನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದಾಳೆ.
ಇವರು ಸ್ಟೂಲು ತಂದರು.

ಕೆಲವು ರಾತ್ರಿ,
ಬೇಲೂರು ಬಸ್ಸಿನ ಯಾವುದೋ ಹಳೇ ಬ್ರೇಕಿನ ಕತೆ ಹೇಳುತ್ತ
ನಡುವಿನಲ್ಲೇ ಇವರ ಮಾತು ನಿಲ್ಲುತ್ತದೆ.
ತಲೆ ಗೋಡೆಗೆ. ಬೆರಳ ನಡುವೆ ಕಾಳು ಹಾಗೇ ಇದೆ.
ಗೊರಕೆ. ಇದು ನಿಜದ್ದು,
ಸುಳ್ಳಿನದಕ್ಕೆ ತಾಳ ಇರುತ್ತಿತ್ತು.

ನಾನು ಗಡಿಯಾರ ನೋಡುವುದಿಲ್ಲ.
ನಲ್ಲಿಯ ಹನಿ ನಿಲ್ಲಿಸಿ, ಶಾಲು ತಂದು ಹೊದಿಸಿ
ಪಾತ್ರೆಗೆ ಕೈ ಹಾಕುತ್ತೇನೆ.
ನೀರು ಕೊರೆಯುತ್ತದೆ.
ಇನ್ನೂ ಅರ್ಧ ಸೇರು ಇದೆ.